ನೋಯದ ಹಲ್ಲು

ಯಲ್ಲಾಲಿಂಗನ ಬುದ್ಧಿಹಲ್ಲಿಗೆ ಯಾವ ರೋಗವೂ ಇರಲಿಲ್ಲ. ಆದರೆ ರಜೆ ಬೇಕಾದಾಗಲೆಲ್ಲ ಅದು ನೋಯುತ್ತಿತ್ತು. ಅವನಾದರೂ ಏನು ಮಾಡಿಯಾನು? ಹುಷಾರಿಲ್ಲ ಎಂದರೆ ಮೇಸ್ತ್ರಿ ದಾನಪ್ಪ ತಾನೇ ಗುಳಿಗೆ ತಂದುಕೊಡುತ್ತಿದ್ದ. ಮದುವೆ, ಮುಂಜಿ ಎಂದರೆ ಮಾತ್ರ ಬೈಗುಳ.

ಆ ದಿನ ಸಾಂತಾಕ್ರೂಜಿನಲ್ಲಿ ತಂಗಿ ವಂದನಾಳ ಮಗನ ಜವಳ. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಹಾಕಬೇಕು. ಅವಳಿಗೆ ಒಡಹುಟ್ಟಿದವನು ಇವನೊಬ್ಬನೇ. ಬೆಳಿಗ್ಗೆ ಎದ್ದವನೇ ಮೇಸ್ತ್ರಿಗೆ ಫೋನಿನಲ್ಲಿ ನರಳಿದ: "ಹಲ್ಲು ಭಾಳ ನೋಯಾಕತ್ತೈತ್ರೀ. ಇವತ್ತ ಪವಾಯಿ ಸೈಟಿಗೆ ಬರೂದು ಆಗೂದಿಲ್ಲ."

ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಭಾಂಡುಪಿನ ಚಾಳಿನಲ್ಲಿದ್ದ ಅವನ ಮನೆಯ ಬಾಗಿಲಿಗೆ ಮೇಸ್ತ್ರಿಯೇ ಬಂದು ನಿಂತಿದ್ದ. ಯಲ್ಲಾಲಿಂಗ ತಟ್ಟನೆ ಕೆನ್ನೆ ಹಿಡಿದುಕೊಂಡ.

"ಹೊಸಾ ಅಂಗಿ ಹಾಕ್ಕೊಂಡು ಎಲ್ಲಿಗೆ ಹೊಂಟಿ?"

"ಡಾಕ್ಟರ ಕಡೆರೀ," ಎಂದುಬಿಟ್ಟ.

"ಶಾಣ್ಯಾ! ಮೂರನೇ ಸಲ ಆತಿದು. ನಡಿ, ತಗಸಿಬಿಡೂನು. ನಾನೂ ಬರ್ತೀನಿ."

ಪಕ್ಕದ ಖೋಲಿಯ ದೇವಕ್ಕ ಲವಂಗ ಹಿಡಿದು ಓಡಿಬಂದಳು. "ಬ್ಯಾಡೋ ಯಪ್ಪಾ! ಬುದ್ಧಿಹಲ್ಲು ತಗಸಿದ್ರ ಬುದ್ಧೀನೂ ಹೋಗತೈತಿ."

"ಹೋಗಾಕ ಅದು ಇರಬೇಕಲ್ಲ ದೇವಕ್ಕಾ," ಎಂದ ಎದುರುಮನೆಯ ಮುರ್ತುಜಾ, ಇಬ್ಬರನ್ನೂ ಹತ್ತಿಸಿಕೊಂಡು ತನ್ನ ರಿಕ್ಷಾ ಶುರು ಮಾಡುತ್ತ. ಎಂದೂ ಬಿಡದ ಟ್ರಾಫಿಕ್ಕು ಆ ದಿನ ಮಂತ್ರಿಗೆ ಬಿಟ್ಟಂತೆ ದಾರಿ ಬಿಟ್ಟಿತು.

ಡಾಕ್ಟರ್ ಸೋನಾಲಿ ಎಕ್ಸ್‌ರೇ ತೆಗೆದು ನೋಡಿದರು. "ದಾಂತ್ ಏಕ್‌ದಮ್ ಠೀಕ್ ಇದೆ. ಸೀದಾ ಬಂದಿದೆ. ತೆಗೆಯೋ ಜರೂರತ್ ಇಲ್ಲ."

ಯಲ್ಲಾಲಿಂಗನಿಗೆ ಹೋದ ಜೀವ ಬಂದಂತಾಯಿತು.

"ಹಂಗಾದ್ರ ಈ ನೋವು ಎಲ್ಲಿಂದ ಬಂತ್ರೀ?" ದಾನಪ್ಪನ ಹುಬ್ಬು ಮೇಲೇರಿತು.

ಡಾಕ್ಟರು ಇವನತ್ತ ತಿರುಗಿದರು. "ನೀವೇ ಹೇಳಿ. ಸಚ್ಚೀ ನೋಯುತ್ತಾ? ಇಲ್ಲಾಂದ್ರೆ ಬಿಡಿ."

ಪರದೆಯ ಮೇಲೆ ಹಲ್ಲು ಗಟ್ಟಿಮುಟ್ಟಾಗಿ ನಿಂತಿತ್ತು. ಪಕ್ಕದಲ್ಲಿ ದಾನಪ್ಪ ನಿಂತಿದ್ದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹಲ್ಲು. ಯಲ್ಲಾಲಿಂಗ ಕಣ್ಣು ಮುಚ್ಚಿಕೊಂಡ.

"ಕೀಳ್ರಿ."

ಕಡಕ್ ರೊಟ್ಟಿ ಕಟಕಟ ಮುರಿದ ಹಲ್ಲು, ಏನೊಂದೂ ತಪ್ಪು ಮಾಡದ ಹಲ್ಲು, ಬಟ್ಟಲಿಗೆ ಬಿದ್ದಾಗ ಅವನಿಗೆ ಅಳುವೇ ಬಂತು. ಡಾಕ್ಟರು ಬಾಯಿಗೆ ಹತ್ತಿ ಇಟ್ಟು, ಮಾತಾಡಬೇಡಿ ಎಂದರು. ಇರಲಿ, ಈಗ ಹೊರಟರೂ ಜವಳಕ್ಕೆ ಮುಟ್ಟಬಹುದು ಎಂದು ಅವನು ಸಮಾಧಾನ ಮಾಡಿಕೊಂಡ.

ಹೊರಗೆ ಬಂದಾಗ ದಾನಪ್ಪ ಹೆಗಲ ಮೇಲೆ ಕೈಯಿಟ್ಟ. "ಖರೇ ಅಂದ್ರ ಮುಂಜಾನೆ ನಾ ಬ್ಯಾರೆ ಮಾತಿಗೆ ಬರೂವಂವ ಇದ್ದೆ. ನಿನ್ನೆ ನಿನ್ನ ತಂಗಿ ಫೋನ್ ಮಾಡಿ, ಜವಳ ಐತಿ, ಅಣ್ಣಗ ರಜಾ ಕೊಡ್ರಿ ಅಂತ ಅತ್ತಬಿಟ್ಲು. ಹೋಗಿ ಬಾರಪಾ ಅಂತ ಹೇಳಾಕ ಹೊಂಟಿದ್ದೆ. ಅಷ್ಟರಾಗ ನಿನ್ನ ಹಲ್ಲಿನ ಫೋನು ಬಂತು."

ಯಲ್ಲಾಲಿಂಗ ಬಾಯೊಳಗಿನ ಹತ್ತಿ ತೆಗೆಯಲು ಹೋದ, ದಾನಪ್ಪ ಅವನ ಕೈ ಹಿಡಿದ.

"ಚಿಂತಿ ಮಾಡಬ್ಯಾಡ. ಇಂಥಾ ನೋವಿನ್ಯಾಗ ಅಂವ ಬರೂದಿಲ್ಲ, ನೀವು ಮುಗಸ್ರೆವಾ ಅಂತ ಆವಾಗನ ಆಕಿಗೆ ಹೇಳಿದೆ. ನಿಮ್ಮ ದೊಡ್ಡಪ್ಪನ ಮಗ ಶ್ರೀಶೈಲ ಕತ್ತರಿ ಹಾಕಿದನಂತ. ನೋಡು, ನಿನಗ ತೋರಸ್ರಿ ಅಂತ ನನ್ನ ಫೋನಿಗೆ ಫೋಟೋ ಕಳಸ್ಯಾಳ."

ಫೋಟೋದಲ್ಲಿ ಕೂಸು ಶ್ರೀಶೈಲನ ತೊಡೆಯ ಮೇಲೆ ಬಾಯಿ ತೆರೆದು ಅಳುತ್ತಿತ್ತು. ಕೆಳಗೆ ತಂಗಿಯ ಮೆಸೇಜು: "ನಿನ್ನ ಕೈಲೆ ಆಗ್ಲಿ ಅಂತ ಇಷ್ಟ ದಿನಾ ತಡದಿದ್ದೆ ಅಣ್ಣಾ. ಇರ್ಲಿ, ಆರಾಮ ಆಗು."

ಯಲ್ಲಾಲಿಂಗನ ಕಣ್ಣಿಂದ ದಳದಳ ನೀರು ಇಳಿಯಿತು. ಒಂದು ಮಾತು ನಿಜ ಹೇಳಿ ರಜೆ ಕೇಳಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ. ದಾನಪ್ಪ ಅವನ ಬೆನ್ನು ಸವರಿದ.

"ಅಳಬ್ಯಾಡೋ ಹುಚ್ಚಪ್ಪಾ. ಇನ್ನ ಮೂರು ಬುದ್ಧಿಹಲ್ಲು ಉಳದಾವಲ್ಲ, ಅವು ನೋಯೂಕಿಂತ ಮೊದ್ಲ ತಗಸಿಬಿಡೂನು. ರಜಾ ನಾ ಕೊಡ್ತೀನಿ."