ಕೆಂಪು ನೀರಿನ ಬಾಟಲಿ

೧೯೮೪ರ ಜುಲೈ, ಮೊದಲ ಭಾನುವಾರ. ಬೆಳಗ್ಗೆ ಬಿಸಿಲು, ಮೂರು ಗಂಟೆಗೆ ಜೋರು ಮಳೆ. ಅಲ್ಲಾಳಸಂದ್ರದ ನಮ್ಮ ಬಡಾವಣೆಯಲ್ಲಿ ಮಳೆ ಬಿದ್ದಾಗಲೆಲ್ಲ ಏನಾದರೊಂದು ನಡೆಯುತ್ತಿತ್ತು. ನನ್ನ ಹೊಟ್ಟೆಯೂ ಉರಿಯುತ್ತಿತ್ತು.

ಡಿಕಾಕ್ಷನ್

ಸುತ್ತ ಮನೆಗಳು ಏಳುತ್ತಿದ್ದವು. ಪಾಯದ ಮಣ್ಣು, ಸಿಮೆಂಟು ಎಲ್ಲ ಮೋರಿ ಹಿಡಿದು ಕೆರೆ ಸೇರುತ್ತಿತ್ತು. ಮಳೆ ಬಂದಾಗ ಮೋರಿಯ ನೀರನ್ನು ಬಾಟಲಿಯಲ್ಲಿ ಹಿಡಿದು ತರಲು ಬಡಾವಣೆಯ ಸಂಘ ನಮ್ಮಂಥ ಕೆಲವರಿಗೆ ಹೇಳಿತ್ತು. ಕೆಸರು ಕಂಡರೆ, ಮೋರಿಯ ಮೇಲ್ಗಡೆ ಮನೆ ಕಟ್ಟಿಸುತ್ತಿರುವವರು ಮರಳುಮೂಟೆಯ ತಡೆ ಹಾಕಬೇಕು, ದಂಡವನ್ನೂ ಕಟ್ಟಬೇಕು. ಚೆನ್ನಾಗಿ ಕೆಲಸ ಮಾಡಿದವರನ್ನು ಕೆರೆ ಕಾವಲಿನ ಮುಖ್ಯಸ್ಥರನ್ನಾಗಿ ಮಾಡುವುದಾಗಿ ಅಧ್ಯಕ್ಷರು ಹೇಳಿದ್ದರು. ಆ ಪಟ್ಟ ಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಬೇಕಿತ್ತು.

ಬೀದಿಯ ಈ ಬದಿಯ ಮೋರಿ ನನ್ನದು. ಆ ಬದಿಯದು ಎದುರುಮನೆಯವರದು. ಧಾರವಾಡ ಕಡೆಯವರು, ಕಾರ್ಖಾನೆಯಲ್ಲಿ ಕೆಲಸ. ಆ ಭಾನುವಾರ ನನ್ನ ಬಾಟಲಿಯಲ್ಲಿ ತಿಳಿ ಚಹಾದಂಥ ನೀರು, ಅವರದರಲ್ಲಿ ಗಟ್ಟಿ ಡಿಕಾಕ್ಷನ್. ಅಧ್ಯಕ್ಷರು ಅವರದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನಮ್ಮ ಕಡೆ ನೀರು ಚೆನ್ನಾಗಿದ್ರೆ ಒಳ್ಳೇದಲ್ವೇನ್ರೀ?" ಎಂದಳು ಹೆಂಡತಿ. ಆ ಸಂಜೆ ಅವಳು ಕೊಟ್ಟ ಕಾಫಿ ಕೂಡ ಎದುರುಮನೆಯ ಬಾಟಲಿಯಷ್ಟು ಗಟ್ಟಿಯಿರಲಿಲ್ಲ.

ಉಂಗುರ

ಮುಂದಿನ ಮಳೆಗೆ ಕೊಡೆ ಹಿಡಿದು, ಕೆಸರು ಎಲ್ಲಿ ದಪ್ಪಗಿದೆಯೆಂದು ಮೋರಿಯುದ್ದಕ್ಕೂ ಬಗ್ಗಿ ನೋಡುತ್ತ ಹೋದೆ. ಗಾರೆ ಕೆಲಸದ ಹೆಂಗಸೊಬ್ಬಳು ಕೇಳಿದಳು: "ಏನ್ ಕಳ್ಕೊಂಡ್ರಿ ಸಾಮಿ, ಉಂಗ್ರಾನಾ?"

ನನಗೆ ಮಾತು ಕಡಮೆ. ಇನ್ನಷ್ಟು ಬಗ್ಗಿ ನೋಡಿದೆ. ಅವಳು ಹೌದೆಂದುಕೊಂಡಳು. ಪಾಪ, ಮರುದಿನ ಜೊತೆಯವರನ್ನೂ ಕರೆದು, ಉಂಗುರಕ್ಕಾಗಿ ಇಡೀ ಮೋರಿಯ ಮಣ್ಣನ್ನು ಸಲಿಕೆಯಲ್ಲಿ ಬಾಚಿ ತೆಗೆದಳಂತೆ. ಆ ವಾರ ನಾನು ಹಿಡಿದ ನೀರನ್ನು ನೋಡಿ ಅಧ್ಯಕ್ಷರು, ಇದು ನಲ್ಲಿಯದೇ ಎಂದು ಕೇಳಿದರು.

ಹಾರ

ಕೊನೆಗೆ ಎದುರುಮನೆಯವರ ಮೋರಿಯ ಗುಂಟ ನಡೆದೆ. ಕೆಂಪು ನೀರು ಅವರದೇ ಹಿತ್ತಲಿನಿಂದ ಬರುತ್ತಿತ್ತು! ಅಲ್ಲಿ ಸಂಪು ತೋಡಿಸಿ ಮಣ್ಣು ಗುಡ್ಡೆ ಹಾಕಿಸಿದ್ದರು. ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಕೆಸರು ಅವರ ಹಿತ್ತಲಿನದೇ ಎಂದೆ. ನಾನಾಗಿ ಎದ್ದು ಮಾತಾಡಿದ್ದು ಅದೇ ಮೊದಲು.

ಎದುರುಮನೆಯವರು ನಿಧಾನವಾಗಿ ಎದ್ದರು. "ಖರೇನ ಅದ ರೀ. ಮಣ್ಣು ನಮ್ದ. ಅದಕ್ಕs ತುಂಬಿಕೊಂಡು ಬಂದು ತೋರಿಸೀನಿ."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ತನ್ನ ಮನೆಯ ಮೇಲೆ ತಾನೇ ದೂರು ತರುವವರು ಎಲ್ಲಿ ಸಿಗುತ್ತಾರೆ ಎಂದರು. ಬಾಗಿಲ ಹತ್ತಿರ ಕೂತಿದ್ದ ನನ್ನನ್ನು ಹೂವಿನಂಗಡಿಗೆ ಓಡಿಸಿದರು.

ಮನೆಯಲ್ಲಿ ಹೆಂಡತಿ ಕಾದಿದ್ದಳು. "ಏನಾಯ್ತು?"

"ಅವರೇ ಮುಖ್ಯಸ್ಥರು."

"ಮತ್ತೆ ದಂಡ? ಏನೂ ಕಟ್ಟಿಸ್ಕೊಳ್ಲಿಲ್ವಾ?"

"ಐದು ರೂಪಾಯಿ."

"ಅಷ್ಟೇನಾ? ಹೋಗ್ಲಿ, ಕೊಟ್ರಲ್ಲ."

"ಅವರಲ್ಲ," ಎಂದೆ. "ಹಾರಕ್ಕೆ. ನಾನು."