ಗ್ವಾಡಿಯಿಂದ ಗ್ವಾಡಿಗೆ ಹಾರೋ ವಿಮಾನ

ಬ್ಯಾರೆಯವರಿಗೆ ವರ್ಷಕ್ಕೊಂದ್ಸಲ ನಾಚಿಕಿ ಆದ್ರ, ನನಗ ವಾರಕ್ಕೊಂದ್ಸಲ ಆಗ್ತೈತ್ರಿ. ತಂಬ್ರಹಳ್ಳಿ ಕಡೆ ಒಂದು ಊರಾಗ ಅಂಗನವಾಡಿ ಟೀಚರ್ ನಾನು. ಸಣ್ಣ ಮಕ್ಕಳ ನಡುವ ಮಾನ ಕಳಕೊಳ್ಳಾಕ ಭಾಳ ಕಷ್ಟಪಡಬೇಕಾಗಿಲ್ಲ, ಬಾಯಿ ತೆಗೆದ್ರ ಸಾಕು. ಅದ್ರಾಗೂ ಈ ಕಾಗದದ ವಿಮಾನದ ಕಥಿ ನೆನಸಿಕೊಂಡ್ರ ಈಗಲೂ ಸೆರಗು ಮುಖಕ್ಕ ಹೋಗ್ತೈತಿ.

೧. ಬಾಯಿ ತೆಗೆದೆ

ಹಗರಿಬೊಮ್ಮನಹಳ್ಳಿಯಾಗ ಟೀಚರ್‌ಗಳ ಮೀಟಿಂಗ್ ಇತ್ತು. ಮಕ್ಕಳಿಗೆ ಹೊಸಾದು ಏನು ಮಾಡಿಸ್ತೀರಿ ಅಂತ ಸೂಪರ್‌ವೈಸರ್ ಮೇಡಂ ಕೇಳಿದ್ರು. ಒಬ್ಬಾಕಿ ಮಣ್ಣಿನ ಎತ್ತು ಅಂದ್ಲು, ಇನ್ನೊಬ್ಬಾಕಿ ಎಲಿ ತೋರಣ ಅಂದ್ಲು. ನನ್ನ ಸರದಿ ಬಂತು. ನಾನು ಏನೂ ಮಾಡಿಸಿರಲಿಲ್ಲ. ಆದ್ರೂ, "ಕಾಗದದ ವಿಮಾನ ಮಾಡಿಸ್ತೀನ್ರಿ ಮೇಡಂ" ಅಂದುಬಿಟ್ಟೆ.

"ಹಾರ್ತಾವೇನ್ರಿ?"

"ಹಾರದೇ ಏನ್ರಿ! ಈ ಗ್ವಾಡಿಯಿಂದ ಆ ಗ್ವಾಡಿಗೆ!"

"ಹಂಗಾರ ತಾಯಂದಿರ ಸಭೆ ದಿನ ನಾನೂ ಬರ್ತೀನಿ. ಎಲ್ಲಾರ ಮುಂದ ನೀವೇ ಹಾರಿಸಿ ತೋರಿಸ್ರಿ."

ಹುಟ್ಟಿದಾಗಿಂದ ಒಂದು ವಿಮಾನ ಮಡಿಚಿದಾಕಿ ಅಲ್ಲ ನಾನು. ಮರುದಿನ ಫೋನಿನಾಗ ವಿಡಿಯೋ ಇಟ್ಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ ಒಂದು ಮಡಿಚಿದೆ. ಅಡಿಗಿ ಮಾಡೋ ನಮ್ಮ ಸಹಾಯಕಿ ಬಂದು ಅದನ್ನ ಕೈಯಾಗ ತಗೊಂಡ್ಲು, ಒಳಗ ಇಣುಕಿದ್ಲು.

"ಪೊಟ್ಣ ಚಲೋ ಕಟ್ಟೀರಿ ಟೀಚರ್. ಸೇಂಗಾ ಎಲ್ಲಿ?"

೨. ಸೀಟು ಹಿಡಿದಿದ್ದು

ಮಡಿಚೋದು ಹೆಂಗೋ ಕಲಿತೆ, ಮಕ್ಕಳಿಗೂ ಕಲಿಸಿದೆ. ಆಮೇಲೆ ಶೃಂಗಾರ. ಬಣ್ಣದ ಪೆನ್ಸಿಲ್, ಮಿಂಚೋ ಕಾಗದ ಎಲ್ಲಾ ಕೊಟ್ಟು, ಆಕಾಶದ ಚಿಕ್ಕಿ ಬರೀರಿ, ಹಕ್ಕಿ ಬರೀರಿ ಅಂದೆ. ನಮ್ಮ ಮಕ್ಕಳು ಕಂಡಿರೋದು ಬಸ್ಸು, ಟ್ರ್ಯಾಕ್ಟರ್. ಒಬ್ಬ ರೆಕ್ಕಿಗೆ ಗೊಂಡೆ ಕಟ್ಟಿದ. ಇನ್ನೊಬ್ಬ ಮೂತಿಗೆ ಕುಂಕುಮ ಹಚ್ಚಿ, "ನಿಂಬಿಹಣ್ಣು ಕೊಡ್ರಿ ಟೀಚರ್, ಗಾಲಿ ಕೆಳಗ ಇಡಬೇಕು" ಅಂದ. ಗಾಲಿ ಎಲ್ಲಿ ಅದಾವಪ್ಪ ಅಂದ್ರ, "ನೀವು ಹಚ್ಚೇ ಇಲ್ಲ" ಅಂತ ನನ್ನ ಮ್ಯಾಲೇ ಹಾಕಿದ.

ಒಬ್ಬ ಹುಡುಗಿ ಮಾತ್ರ ಬಣ್ಣ ಮುಟ್ಟಲಿಲ್ಲ. ವಿಮಾನದ ಮ್ಯಾಲೆ ಒಂದು ಬಟ್ಟಿ ಚೂರು ಹಾಕಿ ಕಾಯ್ತಾ ಕುಂತಿದ್ಲು.

"ಇದೇನವ್ವಾ?"

"ನಮ್ಮ ಅಜ್ಜಿಗೆ ಸೀಟು ಹಿಡಿದೀನಿ."

"ವಿಮಾನದಾಗ ಹಂಗ ಸೀಟು ಹಿಡಿಯಾಂಗಿಲ್ಲ. ಎಲ್ಲಾರಿಗೂ ನಂಬರ್ ಇರ್ತೈತಿ."

"ನೀವು ಹತ್ತೀರೇನು?"

"ಇಲ್ಲ."

"ಮತ್ತ ನಿಮಗೆಂಗ ಗೊತ್ತು?"

ಅಡಿಗಿಮನಿಯಾಗ ಸಹಾಯಕಿ ಕಿಸಕ್ ಅಂದ್ಲು. ನನ್ನ ಮುಖ ಬಾಡಿದ್ದು ನೋಡಿ ಹುಡುಗಿಗೆ ಕನಿಕರ ಬಂತು. "ಅಳಬ್ಯಾಡ್ರಿ ಟೀಚರ್, ನಿಮಗೂ ಒಂದು ಹಿಡೀತೀನಿ" ಅಂತ ಕತ್ತರಿ ತಗೊಂಡು ಇನ್ನೊಂದು ಚೂರು ಕತ್ತರಿಸಿದ್ಲು. ಆಗ ನೋಡಿದೆ, ಕತ್ತರಿಸ್ತಿದ್ದದ್ದು ನನ್ನ ಹೊಸ ಕರ್ಚೀಫು.

೩. ಹಿತ್ತಲಾಗ ಪ್ರಾಕ್ಟೀಸು

ಮಕ್ಕಳ ವಿಮಾನ ಗೊಂಡೆ, ಕುಂಕುಮ ಹೊತ್ಕೊಂಡೂ ಅಷ್ಟಿಷ್ಟು ಹಾರ್ತಿದ್ವು. ನನ್ನದು ಮಾತ್ರ ಕೈ ಬಿಟ್ಟ ಕೂಡ್ಲೇ ಕಾಲಿಗೆ ಬೀಳ್ತಿತ್ತು. ಊಟ ಆಗಿ ಮಕ್ಕಳು ಮಲಗಿದ ಮ್ಯಾಲೆ ಕಳ್ಳರಂಗ ಹಿತ್ತಲಿಗೆ ಹೋಗಿ ಒಂದಾದ ಮ್ಯಾಲೆ ಒಂದು ಎಸೆದೆ. ಬಲಗೈಯಿಂದ ಎಸೆದೆ, ಎಡಗೈಯಿಂದ ಎಸೆದೆ, ದೇವರ ಹೆಸರು ಹೇಳಿ ಎಸೆದೆ. ಎಲ್ಲಾ ಅಲ್ಲೇ ಬಿದ್ವು.

ತಲಿ ಎತ್ತಿದ್ರ ಪಂಚಾಯ್ತಿ ಕಸದ ಗಾಡಿಯಾಕಿ ಸೊಂಟಕ್ಕ ಕೈ ಇಟ್ಕೊಂಡು ನಿಂತಾಳ.

"ಒಣಾ ಕಸ ಬ್ಯಾರೆ, ಹಸಿ ಕಸ ಬ್ಯಾರೆ ಅಂತ ಮೊನ್ನೆ ಊರಿಗೆಲ್ಲ ಹೇಳಿದೋರು ನೀವೇ ಅಲ್ಲೇನ್ರಿ? ಹೇಳೋದು ಆಚಾರ, ತಿನ್ನೋದು ಬದ್ನಿಕಾಯಿ!"

ಕಸ ಅಲ್ಲವ್ವಾ, ವಿಮಾನ ಅನ್ನಾಕ ಬಾಯಿಗೆ ಬಂದಿತ್ತು. ಒಂದ್ಸಲ ಕೆಳಗ ನೋಡಿದೆ. ಕಸ ಅಂತ ಒಪ್ಪಿಕೊಳ್ಳೋದ ಮರ್ಯಾದಿ ಅನಿಸಿ, ಎಲ್ಲಾ ಆರಿಸಿ ಆಕಿ ಚೀಲಕ್ಕ ಹಾಕಿದೆ.

೪. ಮೇಡಂ ಬಂದ್ರು

ತಾಯಂದಿರ ಸಭೆ ದಿನ ಕೋಣಿ ತುಂಬ ಜನ. ಮೇಡಂ ಕುರ್ಚಿ ಮ್ಯಾಲೆ ಕುಂತಿದ್ರು. ಸೀಟು ಹಿಡಿದ ಹುಡುಗಿಯ ಅಜ್ಜಿನೂ ಬಂದಿದ್ಲು. ಮಕ್ಕಳು ತಮ್ಮ ತಮ್ಮ ವಿಮಾನ ಹಾರಿಸಿದ್ರು, ಅವ್ವಂದಿರು ಚಪ್ಪಾಳಿ ಹೊಡೆದ್ರು. ಇಷ್ಟಕ್ಕ ಮುಗಿದ್ರ ಸಾಕಪ್ಪಾ ಅಂತ ನಾನು ಹಿಂದ ಸರಿದೆ. ಮೇಡಂ ಬಿಡಬೇಕಲ್ಲ?

"ಟೀಚರ್, ನಿಮ್ದು ತೋರಿಸ್ರಿ. ಗ್ವಾಡಿಯಿಂದ ಗ್ವಾಡಿಗೆ ಅಂದಿದ್ರಿ."

ಎಸೆದೆ. ಕಾಲಿಗೆ ಬಿತ್ತು. ಇನ್ನೊಂದು ಎಸೆದೆ. ಅದು ಮುಂದ ಹೋಗೋದು ಬಿಟ್ಟು, ಹಿಂದಕ್ಕ ತಿರುಗಿ ನನ್ನ ಹಣಿಗೇ ಬಡೀತು. ಯಾರೂ ನಗಲಿಲ್ಲ. ನಕ್ಕಿದ್ರ ಚಲೋ ಇತ್ತು. ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಆಗ ಅಜ್ಜಿ ಎದ್ದು ಬಂದ್ಲು. "ನಮ್ಮ ಟೀಚರಮ್ಮಗ ದೃಷ್ಟಿ ತಾಗೈತಿ" ಅಂದ್ಲು.

ಮುಳುಗೋರಿಗೆ ಹುಲ್ಲುಕಡ್ಡಿ ಸಿಕ್ಕಂಗಾತು. ಮೂಢನಂಬಿಕಿ ಬಿಡ್ರಿ ಅಂತ ಊರಿಗೆಲ್ಲ ಹೇಳೋ ನಾನು, "ಹೌದಬೇ! ನಿನ್ನೆ ಮನಿಯಾಗ ಹದ್ದು ಹಾರಿದಂಗ ಹಾರಿತ್ತು. ಯಾರ ಕಣ್ಣು ಬಿತ್ತೋ ಏನೋ!" ಅಂತ ಹಸಿ ಸುಳ್ಳು ಹೇಳಿದೆ.

ಅಜ್ಜಿ ತಡಮಾಡಲಿಲ್ಲ. ಅಡಿಗಿಮನಿಯಿಂದ ಉಪ್ಪು, ಒಣ ಮೆಣಸಿನಕಾಯಿ ತಂದು, ಮೇಡಂ ಮುಂದನ ನನ್ನ ನಿಲ್ಲಿಸಿ ಮುಖಕ್ಕ ಸುತ್ತಿಸಿ ಇಳಿ ತೆಗೆದ್ಲು, ಒಳಗ ಹೋಗಿ ಕಾದ ಹಂಚಿಗೆ ಹಾಕಿದ್ಲು. ಘಾಟು ಬರಲಿಲ್ಲಂದ್ರ ದೃಷ್ಟಿ ಆಗಿದ್ದು ಖರೆ, ಕೆಮ್ಮು ಬಂತಂದ್ರ ಏನೂ ಆಗಿಲ್ಲ ಅಂತ ನಮ್ಮ ಕಡೆ ಲೆಕ್ಕ. ನಾನು ಕಣ್ಣು ಮುಚ್ಚಿ, ಘಾಟು ಬರದಂಗ ನೋಡ್ಕೊಳ್ಳಪ್ಪಾ ದೇವರೇ ಅಂತ ಬೇಡಿಕೊಂಡೆ.

ಮೊದಲು ಸಹಾಯಕಿ ಕೆಮ್ಮಿದ್ಲು. ಆಮೇಲೆ ಮಕ್ಕಳು, ಅವ್ವಂದಿರು. ಮೇಡಂ ಕೆಮ್ಮಿ ಕೆಮ್ಮಿ ಕುರ್ಚಿ ಬಿಟ್ಟು ಬಾಗಿಲಿಗೆ ಓಡಿದ್ರು. ಕೋಣಿ ಖಾಲಿ ಆಗಿ ಎಲ್ಲಾರೂ ಅಂಗಳದಾಗ ನಿಂತ್ವಿ. ಕಡೀಕ ಅಜ್ಜಿ ಹೊರಗ ಬಂದ್ಲು, ಸೆರಗಿಲೆ ಕಣ್ಣು ಒರೆಸಿಕೊಂಡ್ಲು, ಮೇಡಂ ಕಡೆ ತಿರುಗಿದ್ಲು.

"ದೃಷ್ಟಿ ಗಿಷ್ಟಿ ಏನಿಲ್ರೀ ಅಮ್ಮಾರ. ಈಕಿಗೆ ಬರಂಗಿಲ್ಲ, ಅಷ್ಟ!"