ವಸೂಲಿಯ ಹೊಟ್ಟೆಯಲ್ಲಿ ಒಂದು ಹರಳು

ಉಂಗುರಕ್ಕೆ ಹರಳು ಕೂರಿಸುವ ನಮ್ಮ ಈ ಮಹಾಶಯನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಉಂಗುರದ ಗೂಡು ಸರಿಮಾಡುವಾಗ ಎರಡು ಕೈಗೂ ಕೆಲಸವಿರುತ್ತಿದ್ದುದರಿಂದ ಹರಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದ. ಹರಳಿಡುವುದಕ್ಕೆಂದೇ ಹೆಂಡತಿ ಮುಚ್ಚಳದ ಪುಟ್ಟ ಡಬ್ಬಿ ತಂದುಕೊಟ್ಟಿದ್ದಳು. ಅದರಲ್ಲಿ ಅವನು ಚಹಾಕ್ಕೆ ಸಕ್ಕರೆ ಇಟ್ಟುಕೊಂಡಿದ್ದ. ಕೇಳಿದರೆ, "ತುಟಿಗಿಂತ ಭದ್ರವಾದ ಜಾಗ ಯಾವುದಿದೆ? ನನ್ನ ಬಾಯಿಂದ ಇವತ್ತಿನವರೆಗೂ ಏನೂ ಜಾರಿಲ್ಲ" ಎನ್ನುತ್ತಿದ್ದ. ಅವನ ದೇಹದಿಂದ ಯಾವುದೂ ಯಾವ ಕಡೆಯಿಂದಲೂ ಸುಲಭವಾಗಿ ಹೊರಗೆ ಬರುವುದಿಲ್ಲ ಎಂಬುದು ಹೆಂಡತಿಯ ಅಭಿಪ್ರಾಯ.

ಪಾಪ, ಅವಳು ಸುಳ್ಳು ಹೇಳುವವಳಲ್ಲ. ಅವನಿಗೆ ಬೆಳಗ್ಗೆ ಬಿಳಿ ಬ್ರೆಡ್ಡು, ಮಧ್ಯಾಹ್ನ ಬಿಳಿ ಬನ್ನು, ನಡುನಡುವೆ ಚಹಾ, ಬಿಸ್ಕತ್ತು. ಸೊಪ್ಪು ಬಡಿಸಿದರೆ "ನಾನೇನು ಮೇಕೆಯೇನೇ?" ಎಂದು ತಟ್ಟೆ ಸರಿಸುತ್ತಿದ್ದ. ಸೇಬನ್ನು ಕೂಡ ಸಿಪ್ಪೆ ಸುಲಿದೇ ತಿನ್ನಬೇಕು. ಹೀಗಾಗಿ ದಿನಾ ಬೆಳಗ್ಗೆ ಪೇಪರು ಹಿಡಿದು ಪಾಯಿಖಾನೆಗೆ ಹೋಗಿ, ಮುಖಪುಟದಿಂದ ಹಿಡಿದು 'ಕಳೆದುಹೋಗಿದೆ' ಜಾಹೀರಾತಿನವರೆಗೂ ಓದಿ, ಹೋದ ಹಾಗೆಯೇ ವಾಪಸು ಬರುತ್ತಿದ್ದ.

ಆ ದಿನ ಅವನ ತುಟಿಯಲ್ಲಿದ್ದದ್ದು ಅವನು ಓದಿದ ಶಾಲೆಯ ಹೆಡ್‌ಮಿಸ್ ಅವರ ಕೆಂಪು ಹರಳು. ಅವರ ತಾಯಿಯ ಕಾಲದ್ದು. ಅಂದು ರಾತ್ರಿಯ ರೈಲಿಗೆ ಹೊರಟು, ಮೊಮ್ಮಗಳ ಬೆರಳಿಗೆ ತಾವೇ ಆ ಉಂಗುರ ತೊಡಿಸಬೇಕೆಂದು ಅವರ ಆಸೆ. "ಸಂಜೆ ಬರ್ತೀನಿ. ಆಗಿರ್ಬೇಕು" ಎಂದಷ್ಟೇ ಹೇಳಿ ಹೋಗಿದ್ದರು. ಇವನು ಅವರ ಹಳೆಯ ವಿದ್ಯಾರ್ಥಿ. ತಲೆ ಬೋಳಾಗಿದ್ದರೂ ಅವರನ್ನು ಕಂಡರೆ ಈಗಲೂ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಶಾಲೆಯಲ್ಲಿ ಅವನ ಬಾಯಲ್ಲಿ ಸದಾ ಒಂದು ಪೆಪ್ಪರಮೆಂಟು. "ಬಾಯಲ್ಲಿ ಏನೋ ಅದು?" ಎಂದು ಅವರು ಗುಡುಗುವಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತಿತ್ತು. ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ. ವಿದ್ಯಾಭ್ಯಾಸದಲ್ಲಿ ಅವನು ಸಾಧಿಸಿದ್ದು ಅದೊಂದೇ.

ಅಷ್ಟರಲ್ಲಿ ಪಕ್ಕದ ಇಸ್ತ್ರಿ ಅಂಗಡಿಯವನು ತನ್ನ ನಾಯಿಯ ಜೊತೆ ಒಳಗೆ ಬಂದ. ಅದು ದಿನಾ ಬೆಳಗ್ಗೆ ಎಲ್ಲ ಅಂಗಡಿಗಳಿಗೂ ಹೋಗಿ ಬಿಸ್ಕತ್ತು ಪಡೆಯದೆ ಕದಲುತ್ತಿರಲಿಲ್ಲವಾದ್ದರಿಂದ ಬೀದಿಯವರು ಅದಕ್ಕೆ 'ವಸೂಲಿ' ಎಂದು ಹೆಸರಿಟ್ಟಿದ್ದರು. ಇಸ್ತ್ರಿಯವನಿಗೆ ಎದುರಿನವರ ಬೆನ್ನು ತಟ್ಟದೆ ಮಾತಾಡಲು ಬರುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಅವನ ಕೈ ಒನಕೆಯ ಹಾಗಾಗಿತ್ತು.

"ಏನಣ್ಣಾ, ಬೆಳಬೆಳಗ್ಗೇನೇ ತಪಸ್ಸಾ?" ಎಂದು ಬೆನ್ನಿಗೆ ಒಂದು ಬಿಟ್ಟ.

ತುಟಿ ತೆರೆಯಿತು. ಹರಳು ನೆಲಕ್ಕೆ ಬಿದ್ದು 'ಟಿಕ್' ಎಂದಿತು. ಇವನು ಬಗ್ಗಿ ನೋಡುವಷ್ಟರಲ್ಲಿ ವಸೂಲಿ ಅದೇ ಜಾಗದಲ್ಲಿ ನೆಲ ನೆಕ್ಕಿ, ಬಾಯಿ ಸವರಿಕೊಂಡು, ಇನ್ನೊಂದಿದೆಯೇ ಎಂಬಂತೆ ಮುಖ ನೋಡುತ್ತಿತ್ತು.

ಇವನು ಒಳಗಿದ್ದ ಹೆಂಡತಿಯನ್ನು ಕೂಗಿದ, ಮೂವರೂ ಸೇರಿ ಮೇಜಿನ ಕೆಳಗೆ ಹುಡುಕಿದರು, ಚಾಪೆ ಕೊಡವಿದರು, ಕಸ ಗುಡಿಸಿ ಜರಡಿ ಹಿಡಿದರು. ಹರಳಿಲ್ಲ. ಹೆಡ್‌ಮಿಸ್ ಅವರ ಹರಳು ನಾಯಿ ತಿಂದಿತು ಎಂಬ ಸುದ್ದಿ ಹಬ್ಬಿದರೆ ಇನ್ನು ಯಾರು ತಾನೇ ಅವನನ್ನು ನಂಬಿ ಹರಳು ಕೊಡುತ್ತಾರೆ? ಅಂಗಡಿ ಮುಚ್ಚಿಕೊಂಡು ಹೋಗಬೇಕಾದೀತು. ಅದಕ್ಕಿಂತ ಹೆಚ್ಚಾಗಿ, ಸಂಜೆ ಅವರ ಮುಂದೆ ನಿಂತು ಹೇಳುವವರು ಯಾರು?

ಬೀದಿಯ ಕೊನೆಯಲ್ಲಿದ್ದ ಪ್ರಾಣಿ ಡಾಕ್ಟ್ರಮ್ಮ ವಸೂಲಿಯ ಹೊಟ್ಟೆ ಒತ್ತಿ ನೋಡಿದರು.

"ಸಣ್ಣ ಹರಳು ತಾನೆ, ತಿಂದಿದ್ರೂ ತಾನಾಗೇ ಹೊರಗೆ ಬರುತ್ತೆ. ನಾರಿರೋದು ಕೊಡಿ. ಬೇಯಿಸಿದ ಸಿಹಿಗುಂಬಳ, ಸ್ವಲ್ಪ ಗೋಧಿ ತೌಡು. ನಾರು ಜೀರ್ಣ ಆಗಲ್ಲ, ಅದೇ ಅದರ ದೊಡ್ಡ ಗುಣ. ನೀರು ಹಿಡ್ಕೊಂಡು ಉಬ್ಬಿ, ಕರುಳಲ್ಲಿರೋದನ್ನೆಲ್ಲ ಮೆತ್ತಗೆ ಮುಂದಕ್ಕೆ ತಳ್ಳುತ್ತೆ."

"ಹಾಗಾದ್ರೆ ಒಂದು ಚೀಲ ತೌಡು ತಂದುಬಿಡ್ಲಾ?" ಎಂದ ಇಸ್ತ್ರಿಯವನು.

"ಬೇಡಪ್ಪ. ಅತಿಯಾದ್ರೆ ಹೊಟ್ಟೆ ಉಬ್ಬುತ್ತೆ. ನೀರು ಕುಡಿಸದೆ ಬರೀ ನಾರು ತುಂಬಿದ್ರಂತೂ ಗಾರೆ ಹಾಕ್ದಂಗೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಮನುಷ್ಯರಿಗೂ ಅಷ್ಟೇ."

ಆ ಕೊನೆಯ ಮಾತು ಕೇಳಿ ಹೆಂಡತಿ ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರ ನೋಡತೊಡಗಿದ.

ಸಿಹಿಗುಂಬಳ ಬೆಂದಿತು, ತೌಡು ಬೆರೆಯಿತು. ವಸೂಲಿ ಮಾತ್ರ ಮೂಸಿ ನೋಡಿ ಹಿಂದೆ ಸರಿದು, ಮುಂಗಾಲು ನೆಕ್ಕುತ್ತಾ ಕೂತಿತು.

"ನೋಡಿ, ಹೊಟ್ಟೆನೋವಿಗೆ ಕಾಲು ನೆಕ್ತಾ ಇದೆ" ಎಂದು ಇಸ್ತ್ರಿಯವನು ಕಣ್ಣಲ್ಲಿ ನೀರು ತಂದುಕೊಂಡ. "ಅಣ್ಣಾ, ಅದು ಒಂಟಿಯಾಗಿ ಊಟ ಮಾಡಲ್ಲ. ನೀವು ಒಂದು ತುತ್ತು ತಿಂದ್ರೆ ಅದೂ ತಿನ್ನುತ್ತೆ."

"ನಾನಾ? ನಿನ್ನ ನಾಯಿ, ನೀನು ತಿನ್ನು."

"ನನಗೆ ದಿನಾ ಸಲೀಸಾಗಿ ಆಗುತ್ತಲ್ಲಣ್ಣಾ" ಎಂದ ಇಸ್ತ್ರಿಯವನು ಮುಗ್ಧವಾಗಿ. ಈ ಮನೆಯ ಸಮಾಚಾರ ಬೀದಿಗೆಲ್ಲ ಗೊತ್ತಿತ್ತು.

ನಮ್ಮವನು ಚಮಚ ಬಾಯಿಯ ಹತ್ತಿರ ತಂದು, ಕೆನ್ನೆ ಉಬ್ಬಿಸಿ, ಖಾಲಿ ಬಾಯನ್ನೇ ಚಪ್ಪರಿಸಿ, ತುತ್ತನ್ನು ವಸೂಲಿಯ ಬಟ್ಟಲಿಗೇ ಜಾರಿಸಿದ. ಒಳ್ಳೆಯ ನಟನೆ. ವಸೂಲಿ ನಂಬಿತು, ಗಬಗಬ ತಿಂದಿತು, ನೀರನ್ನೂ ಕುಡಿಯಿತು. ನಾಯಿಗೆ ಮೋಸ ಹೋಗುವ ಸ್ವಭಾವ, ಹೆಂಡತಿಗೆ ಅದಿಲ್ಲ.

"ಪಾಪದ ಪ್ರಾಣಿ ಹತ್ರಾನೂ ಸುಳ್ಳು ಆಡ್ತೀರಲ್ರೀ. ಹೇಳಿದ್ದನ್ನ ಅದು ಕೇಳ್ತು. ನೀವು ಯಾವತ್ತು ಕೇಳಿದೀರಿ?"

"ಹರಳು ನುಂಗಿರೋದು ಅದು ಕಣೇ, ನಾನಲ್ಲ."

ಮಧ್ಯಾಹ್ನವಿಡೀ ಬೀದಿಯ ಕೆಲಸ ನಿಂತಿತು. ವಸೂಲಿ ಎದ್ದರೆ ಎಲ್ಲರೂ ಎದ್ದರು, ಕೂತರೆ ಕೂತರು. ಒಬ್ಬರು ಅದನ್ನು ಓಡಾಡಿಸಬೇಕೆಂದರು, ಇನ್ನೊಬ್ಬರು ಒಂಟಿಯಾಗಿ ಬಿಡಬೇಕೆಂದರು. ಕೊನೆಗೆ ಬಿಸಿಲು ಇಳಿಯುವ ಹೊತ್ತಿಗೆ ಅದು ಮೂಲೆಯ ಕಂಬದ ಹತ್ತಿರ ಹೋಗಿ, ಮೂರು ಸುತ್ತು ಸುತ್ತಿ, ಜನಸಾಗರದ ಎದುರು ನಾಚಿಕೆಯಿಂದ ಮುಖ ತಿರುಗಿಸಿಕೊಂಡು ಕೆಲಸ ಮುಗಿಸಿತು. ಇಸ್ತ್ರಿಯವನು ಚಪ್ಪಾಳೆ ಹೊಡೆದ. ನಾರಿನ ಮಹಿಮೆ ಕಣ್ಣಿಗೆ ಕಾಣುವಂತಿತ್ತು.

ರತ್ನಗಳನ್ನು ಪರೀಕ್ಷಿಸುತ್ತಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕಡ್ಡಿ ಹಿಡಿದು, ಮೂಗಿಗೆ ಕರವಸ್ತ್ರ ಕಟ್ಟಿ ನಮ್ಮವನು ಕೂತ. ಇಷ್ಟು ಶ್ರದ್ಧೆಯಿಂದ ಅವನು ವಜ್ರವನ್ನೂ ನೋಡಿರಲಿಲ್ಲ. ಕುಂಬಳದ ನಾರು ಸಿಕ್ಕಿತು, ತೌಡು ಸಿಕ್ಕಿತು, ಯಾವುದೋ ಅಂಗಿಯ ಗುಂಡಿ ಸಿಕ್ಕಿತು. ಹರಳು ಸಿಗಲಿಲ್ಲ.

"ಗುಂಡಿ ನಮ್ಮ ಗಿರಾಕೀದು" ಎಂದು ಇಸ್ತ್ರಿಯವನು ಖುಷಿಯಾದ. "ಒಂದು ವಾರದಿಂದ ಬೈತಾ ಇದ್ರು."

ತಲೆಯ ಮೇಲೆ ಕೈ ಹೊತ್ತು ನಮ್ಮವನು ಅಂಗಡಿಗೆ ಬಂದು ಕುಸಿದ. ರೈಲಿನ ಹೊತ್ತಾಗುತ್ತಿತ್ತು. ಒಂದೇ ಸಮನೆ ಮುಂಗಾಲು ನೆಕ್ಕುತ್ತಿದ್ದ ವಸೂಲಿಯನ್ನು ಹೆಂಡತಿ ಹತ್ತಿರ ಎಳೆದುಕೊಂಡು, ಕೊಳೆಯಾದ ಪಾದ ತೊಳೆಯಲು ಕೂತಳು. ಬೆರಳ ಸಂದಿಗೆ ಕೈ ಹಾಕಿದವಳು ಗಂಡನನ್ನು ಕರೆದಳು.

"ರೀ, ಇಲ್ಲಿ ಬನ್ನಿ."

ಕೂದಲ ನಡುವೆ, ಪಾದದ ಮೆತ್ತೆಗೆ ಒತ್ತಿಕೊಂಡು, ಕೆಂಪು ಹರಳು ಕೂತಿತ್ತು. ಪಾಪದ ನಾಯಿ ಬೆಳಗ್ಗೆಯಿಂದ ಅದನ್ನೇ ಎಲ್ಲರಿಗೂ ತೋರಿಸುತ್ತಿತ್ತು. ಎಲ್ಲರೂ ಅದರ ಇನ್ನೊಂದು ತುದಿಯನ್ನು ನೋಡುತ್ತಿದ್ದರು.

ನಮ್ಮವನಿಗೆ ಅಳುವೂ ಬಂತು, ನಗುವೂ ಬಂತು. ಹರಳನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದ. ಮತ್ತೆ ತೊಳೆದ. ಬಟ್ಟೆಯಲ್ಲಿ ಒರೆಸಿ ದೀಪಕ್ಕೆ ಹಿಡಿದು ನೋಡಿದ. ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವನಿಗೆ ಹೆಂಡತಿ ಮೊದಲೇ ಹೇಳಿಬಿಟ್ಟಳು: "ನೀವು ಅಲ್ಲೇ ಇರಿ. ಕೈ ಜೇಬಲ್ಲಿರಲಿ." ಅವನು ಎರಡೂ ಕೈ ಜೇಬಿಗೆ ಹಾಕಿ ಉಸಿರು ಬಿಗಿಹಿಡಿದು ನಿಂತ.

ನಮ್ಮವನು ಒಂದು ಕೈಯಲ್ಲಿ ಉಂಗುರ ಹಿಡಿದ, ಇನ್ನೊಂದರಲ್ಲಿ ಇಕ್ಕಳ ಎತ್ತಿಕೊಂಡ. ಎರಡು ಕೈಗೂ ಕೆಲಸವಾಯಿತು. ಇಷ್ಟು ವರ್ಷದ ಅಭ್ಯಾಸ, ಅವನನ್ನು ಕೇಳಿ ನಡೆಯುತ್ತದೆಯೇ? ಹರಳು ತುಟಿಗಳ ನಡುವೆ ಹೋಗಿ ಕೂತಿತು. ಗೂಡಿನ ಕಾಲುಗಳು ಚೆನ್ನಾಗಿಯೇ ತೆರೆದುಕೊಂಡವು. ಇನ್ನು ಹರಳು ಇಟ್ಟು ಒತ್ತುವುದೊಂದೇ ಬಾಕಿ.

ಬಾಗಿಲಲ್ಲಿ ನೆರಳು ಬಿತ್ತು. ಇಸ್ತ್ರಿಯವನು ಕೈ ಜೇಬಲ್ಲಿಟ್ಟುಕೊಂಡೇ ಪಕ್ಕಕ್ಕೆ ಸರಿದ. ಕೈಯಲ್ಲಿ ಪೆಟ್ಟಿಗೆ, ಹೆಗಲಿಗೆ ಶಾಲು, ಪ್ರಯಾಣಕ್ಕೆ ಸಿದ್ಧರಾಗಿ ಹೆಡ್‌ಮಿಸ್ ಒಳಗೆ ಬಂದರು. ಕನ್ನಡಕದ ಮೇಲಿನಿಂದ ಹಳೆಯ ವಿದ್ಯಾರ್ಥಿಯನ್ನು ನೋಡಿದರು.

"ಬಾಯಲ್ಲಿ ಏನೋ ಅದು?"

ಗುಳಕ್.

ನಮ್ಮವನು ಎದ್ದು ನಿಂತು ಕೈಕಟ್ಟಿಕೊಂಡಿದ್ದ. ಬಾಯಿ ಖಾಲಿಯಾಗಿತ್ತು. ಈ ಸಲವೂ ಅವನು ಸಿಕ್ಕಿಬಿದ್ದಿರಲಿಲ್ಲ, ಆದರೆ ಸಿಕ್ಕಿಬಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಹೆಂಡತಿ ಒಳಗೆ ಹೋಗಿ, ಉಳಿದಿದ್ದ ಸಿಹಿಗುಂಬಳ, ತೌಡು, ಒಂದು ದೊಡ್ಡ ಚೊಂಬು ನೀರು ತಂದು ಅವನ ಮುಂದಿಟ್ಟಳು. ವಸೂಲಿ ಬಂದು ಎದುರಿಗೆ ಕೂತು, ಮೊದಲ ತುತ್ತಿಗಾಗಿ ಕಾಯುತ್ತಾ ಅವನ ಬಾಯನ್ನೇ ನೋಡತೊಡಗಿತು. ಈ ಸಲ ನಟನೆ ನಡೆಯುವಂತಿರಲಿಲ್ಲ.

ಇಸ್ತ್ರಿಯವನಿಂದ ವಿಷಯವೆಲ್ಲ ಕೇಳಿಸಿಕೊಂಡ ಹೆಡ್‌ಮಿಸ್ ಪೆಟ್ಟಿಗೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತರು. "ತಿನ್ನು. ಚೆನ್ನಾಗಿ ಅಗಿದು ತಿನ್ನು" ಎಂದರು. ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, "ನಾಳೆ ಬೆಳಗ್ಗೆ ಇನ್ನೊಂದು ರೈಲಿದೆಯಮ್ಮ. ಅಷ್ಟು ಹೊತ್ತಿಗೆ ಆಗ್ಬಹುದಲ್ವಾ?" ಎಂದು ಕೇಳಿದರು.

ಅವಳು ಗಂಡನನ್ನು ನೋಡಿದಳು, ನಾಯಿಯನ್ನು ನೋಡಿದಳು.

"ನುಂಗಿದ್ದು ವಸೂಲಿ ಆಗಿದ್ರೆ ನಾಳೇನೇ ಹೊರಡಿ ಅಂತಿದ್ದೆ ಮಿಸ್" ಎಂದಳು. "ಇವರ ವಿಷಯ ಆದ್ರೆ, ಟಿಕೆಟ್ಟು ಮುಂದಿನ ವಾರಕ್ಕೆ ಮಾಡ್ಸಿ."